ಏಳನೇ ಮನಿ

ಕಂಚಗಾರ ಗಲ್ಲಿಯೊಳಗ ನನ್ನ ಅಂಗಡಿ.
ಕೊಡಾ, ಹಂಡೆ, ತಂಬಗಿ, ಅದ ನನ್ನ ಕಸುಬು.
ಆದ್ರ ಮದುವಿ ಸುಗ್ಗಿ ಮುಗದ ಮ್ಯಾಲೆ
ಬ್ಯಾಂಡಿನವ್ರು ತರತಾರ ತಮ್ಮ ಗಾಯಾಳುಗಳನ್ನ:
ಸೊಂಟ ಮುರದ ಕ್ಲಾರಿನೆಟ್ಟು, ಗದ್ದ ಜಜ್ಜಿದ ಟ್ರಂಪೆಟ್ಟು.
ದುಂಡಪ್ಪ ಭಜಂತ್ರಿಯ ಟ್ರಾಂಬೋನು
ಐವತ್ತೆರಡು ವರ್ಷ ನನ್ನ ಕೈಯಾಗ ಬಂದು ಹೋಗೇತಿ.

ಅವನ ಮನಿತನದ್ದು ಸನಾದಿ.
ಅಪ್ಪ, ಅಜ್ಜ, ಹುಕ್ಕೇರಿ ಕಡೆ ಗುಡಿ ಮುಂದ ಊದಿದವರು.
ಸನಾದಿಗೆ ತೂತದಾವ,
ಬೆರಳು ಎಲ್ಲಿಡಬೇಕು ಅಪ್ಪ ತೋರಸ್ತಾನ.
ಇದಕ್ಕ ತೂತಿಲ್ಲ, ಗುಂಡಿ ಇಲ್ಲ,
ಬರೇ ಒಂದು ಕೊಳವಿಯೊಳಗ ಇನ್ನೊಂದು ಕೊಳವಿ.
ಸ್ವರ ಗಾಳಿಯಾಗ ಎಲ್ಲೋ ನಿಂತಿರತೈತಿ,
ತೋಳು ಹೋಗಿ ಹುಡಕಬೇಕು.

ಕ್ಯಾಂಪಿನ್ಯಾಗ ಇನಾಸ್ ಮಾಸ್ತರ,
ಪಲ್ಟಣದ ಬ್ಯಾಂಡು ಬಿಟ್ಟು ಪಿಂಚಣಿ ಮ್ಯಾಲಿದ್ದಾಂವ,
ಏಳು ಮನಿ ಲೆಕ್ಕಾ ಹೇಳಿಕೊಟ್ಟ.
ಒಂದನೇದ್ದು ತುಟಿ ಹಂತೇಕ.
ಏಳನೇದ್ದು ತೋಳು ಮುಗಿಯೋ ಕಡೆ.
ಹನ್ನೊಂದು ವರ್ಷದ ಹುಡುಗ, ಆರರ ತನಕ ಮುಟ್ಟತಿತ್ತು ಕೈ.
ಏಳಕ್ಕಂತ ಸ್ಲೈಡಿಗೆ ಚಡ್ಡಿ ಲಾಡಿ ಕಟ್ಟಿದ,
ಎಸದು ಬಿಡಾಂವ, ಜಗ್ಗಿ ತರಾಂವ.
ಒಂದಿನ ಲಾಡಿ ಹರದು ಸ್ಲೈಡು ಇಡೀ ಜಾರಿ
ಮಾಸ್ತರನ ಚಾದ ಬಸಿಯೊಳಗ ಬಿತ್ತು.
ನನ್ನ ಅಂಗಡಿಗೆ ಅದು ಬಂದದ್ದು ಆವತ್ತ ಮೊದಲು.
ಅಪ್ಪ ಇರಲಿಲ್ಲ. ನಾನ ಬಡದೆ. ಸೊಟ್ಟ ಬಡದೆ.

ಮುಂದ ಮೆಹಬೂಬ ಬ್ಯಾಂಡಿನ ಕೆಂಪು ಕೋಟು,
ಖಡೇಬಜಾರದಾಗ ಮದುಮಗನ ಕುದರಿ ಮುಂದ.
ರವಿವಾರ ಮುಂಜಾನೆ ಇಗರ್ಜಿ.
ಯಾರರೆ ಸತ್ತರ ಅದ ತುಟಿ, ಅದ ಕೊಳವಿ, ಹೆಜ್ಜಿ ಅಷ್ಟ ನಿಧಾನ.
ಚೋರ್ಲಾ ಘಾಟ ಇಳದ ಮ್ಯಾಲೆ
ಗೋವಾದ ಹೋಟೆಲಿನವ್ರು ಡ್ಯಾನಿ ಅಂತ ಹೆಸರಿಟ್ರು,
ದುಂಡಪ್ಪ ನಾಲಗಿಗೆ ತಿರಗಲಿಲ್ಲಂತ.
ಅಲ್ಲಿ ಜಾಝ್ ಊದಿದ. ಬರದಿಟ್ಟದ್ದು ಅರ್ಧ,
ಉಳದರ್ಧ ನಿಂತಲ್ಲೇ ಹುಟ್ಟಸಬೇಕಂತ.
ಆಲಾಪದಂಗೇನೋ? ಅಂದೆ.
ಆಲಾಪದಾಗ ನಾಲ್ಕು ಮಂದಿ
ಒಮ್ಮೆಲೆ ಜಗಳಾಡಂಗಿಲ್ಲ, ಅಂದ.

ಹಡಗ ಹತ್ತಿದ. ಎರಡು ವರ್ಷ ಸುದ್ದಿಲ್ಲ.
ಬಂದಾಗ ಬೆಲ್ಲಿನ ಅಂಚಿಗೆ ಉಪ್ಪಿನ ಹಸರು,
ನಾಲಗಿ ಮ್ಯಾಲೆ ಮಾಂಬೊ, ಚಾ-ಚಾ-ಚಾ.
ಹವಾನಾದಾಂವ ಒಬ್ಬಾಂವ ಡೋಲು ಬಡಿಯಾಂವ ಕಲಿಸಿದ್ನಂತ:
ನನ್ನ ಸುತ್ತಿಗಿ ಕಸಕೊಂಡು ಅಡಗಲ್ಲಿನ ಮ್ಯಾಲೆ ಮೂರು ಏಟು,
ತಡದು, ಎರಡು.
"ನಡುವಿನ ಖಾಲಿ ತಪ್ಪಿದ್ರ ಎಲ್ಲಾ ತಪ್ಪತೈತಿ ನೋಡ."
ಆವತ್ತಿಂದ ನಾ ಹಂಡೆ ಬಡಿಯೋದು ಹಂಗ.
ಮನಿಯಾಕಿ ಕೇಳಿದ್ಲು,
ನಿಮ್ಮ ಸುತ್ತಿಗಿ ಯಾಕ ಕುಂಟಾಕತ್ತೇತಿ?

ಮುಂಬೈದಾಗ ಸಿನಿಮಾಕ್ಕೂ ಊದ್ಯಾನ.
ಗೋವಾವೇಸದಾಗ ಚಾ ಕುಡಿಯೂಮುಂದ ರೇಡಿಯೋದಾಗ ಆ ಹಾಡು.
ನನ್ನ ಮುಂಗೈ ಹಿಡದ: ತಡಿ, ಈಗ, ಈಗ ಬರತೇನಿ...
ಖಾನಾಪುರ ಬಸ್ಸು ಹಾರ್ನ್ ಹೊಡೀತು.
ಹನ್ನೊಂದು ಸೆಕೆಂಡು ಅವನದ್ದು, ಅಷ್ಟೂ ಬಸ್ಸಿನ ಪಾಲು.

ಇಷ್ಟು ವರ್ಷದಾಗ ಎಲ್ಲಾ ತಗ್ಗು ಎತ್ತೇನಿ,
ನಾ ಸೊಟ್ಟ ಬಡದದ್ದನ್ನ ಮಾತ್ರ ಎತ್ತಗೊಡಲಿಲ್ಲ.
"ನನ್ನ ತೋಳು ಅದಕ್ಕ ಹೊಂದೇತಿ,
ನೆಟ್ಟಗ ಮಾಡಿದ್ರ ನಾ ಬೇಸೂರ ಆಗತೇನಿ."

ಹೋದ ಶ್ರಾವಣದಾಗ ಬಂದ.
ಬಲಭುಜ ಹಿಡಕೊಂಡೇತಿ, ಕೈ ಆರನೇ ಮನಿಗೇ ನಿಲ್ಲತೈತಿ.
ಲಾಡಿ ತರ್ಲೇನು? ಅಂದೆ.
ನಗಲಿಲ್ಲ. ಆಮ್ಯಾಲೆ ಕೆಮ್ಮು ಬರೋ ತನಕ ನಕ್ಕ.
ಅಂಗಡಿ ಬಾಗಲಾ ಅರ್ಧ ಹಾಕಿ ಮಾಂಬೊ ಊದಿದ.
ಏಳನೇದ್ದು ಬಂದಲ್ಲೆಲ್ಲ ಬರೇ ಉಸರು.
ಎರಡನೇ ಸುತ್ತಿಗೆ ತಡಕೋಲಿಲ್ಲ ನಾ,
ಬೋರಲು ಇಟ್ಟಿದ್ದ ಹಂಡೆಗೆ ಒಂದು ಏಟು ಹಾಕಿದೆ.

ಊದೋದು ನಿಲ್ಲಿಸಿ ಹಂಡೆ ನೋಡಿದ.
"ಕೂದಲೆಳಿಯಷ್ಟು ಕೆಳಗೈತಿ. ಇರಲಿ.
ಇದನ್ನ ಯಾರಿಗೂ ಕೊಡಬ್ಯಾಡ."
ಗಿರಾಕಿದು ಮಾರಾಯಾ, ನಾಳೆ ಬರತಾನ, ಅಂದೆ.
ತುಟಿ ಒರಸಿಕೊಂಡ, ಕೊಳವಿ ಮತ್ತ ಬಾಯಿಗೆ ಹಿಡದ.
"ಸೋರತೈತಿ ಅಂತ ಹೇಳು."